ಪದಚರ್ಚೆ: ಸ್ಟೆಮ್ ಸೆಲ್‌ಗೆ ‘ಕೂಳೆ’ ಹತ್ತಿರವೇ? ಜೊತೆಗೆ ‘ಆಗುತ್ತದೆ’ಗೂ ‘ಆಗಬಲ್ಲದು’ಗೂ ನಡುವಿನ ತೊಡಕು

ಗೆಳೆಯರೇ,

ಒಂದು ವಾರದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ. ಮುಂದಕ್ಕೂ ಹೋಗುತ್ತಿಲ್ಲ, ಬಿಡಲೂ ಮನಸ್ಸಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಓಲೆ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ತೊಡಕು ಎಲ್ಲಿದೆ ಅಂತ ತೋರಿಸಬೇಕಾದರೆ ಸ್ವಲ್ಪ ಇಲಿಯ ವಿಷಯ, ಸ್ವಲ್ಪ ಕಬ್ಬಿನ ವಿಷಯ ಹೇಳಲೇಬೇಕು.

ಪಿಯುಸಿ ಮಕ್ಕಳಿಗೆ ಅಂತ ಸ್ಟೆಮ್ ಸೆಲ್ (ತನ್ನಂಥವನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ) ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಈ ವಿಷಯ ಬರೆಯುವವರು ಸಾಮಾನ್ಯವಾಗಿ ಮೂಳೆಮಜ್ಜೆಯಿಂದ ಶುರು ಮಾಡುತ್ತಾರೆ. ನಾನು ಮೊಲೆಯಿಂದ ಶುರು ಮಾಡಿದೆ. ಹಸು ಸಾಕಿದ ಮನೆಯಲ್ಲಿ ಬೆಳೆದವನಿಗೆ ಅದೇ ಹತ್ತಿರದ ಉದಾಹರಣೆ. ನಾನು ಸಿಕ್ಕಿಕೊಂಡಿರುವ ವಾಕ್ಯ ಇದು: ‘ಇಲಿಯ ಮೊಲೆಯ ಎಪಿಥೀಲಿಯಂನಲ್ಲಿ ಹೊರಸಾಲಿನ ಕೋಶಗಳಿಗೆ ಇಡೀ ಗ್ರಂಥಿಯನ್ನೇ ಮತ್ತೆ ಕಟ್ಟುವ ಸ್ಟೆಮ್ ಸೆಲ್ ಪೊಟೆನ್ಷಿಯಲ್ ಇದೆ, ಆದರೆ ಬೆಳೆದ ಇಲಿಯಲ್ಲಿ, ತಾವಿರುವ ಜಾಗದಲ್ಲಿ, ಅವು ಹೊರಸಾಲನ್ನಷ್ಟೇ ಕಟ್ಟುತ್ತವೆ.’ ಎಪಿಥೀಲಿಯಂ ಅಂದರೆ ಕೋಶಗಳ ಹೊದಿಕೆ, ಮೊಲೆಯ ನಾಳದಲ್ಲಿ ಅದು ಒಳಗೊಂದು ಹೊರಗೊಂದು ಸಾಲಾಗಿರುತ್ತದೆ; ಪೊಟೆನ್ಷಿಯಲ್ ಅಂದರೆ ಅವಕಾಶ ಸಿಕ್ಕರೆ ಏನಾಗಬಲ್ಲದು ಅನ್ನುವುದು. ಇದರಲ್ಲಿ ಎಪಿಥೀಲಿಯಂ, ಸ್ಟೆಮ್ ಸೆಲ್, ಪೊಟೆನ್ಷಿಯಲ್ ಮೂರಕ್ಕೂ ಕನ್ನಡ ಬೇಕು. ಹಾಗೇ ಇಂಗ್ಲಿಷ್ ಮಾತನ್ನು ಕನ್ನಡ ಲಿಪಿಯಲ್ಲಿ ಬಿಟ್ಟರೆ ಯಾರೂ ಬೈಯುವುದಿಲ್ಲ, ಗೊತ್ತು. ಆದರೆ ಓದಿದ ಮಗುವಿಗೆ ವಾಕ್ಯದ ‘ಆದರೆ’ ಯಾಕೆ ಇದೆ ಅಂತ ತಿಳಿಯುವುದಿಲ್ಲ. ಇಡೀ ವಿಷಯ ಆ ‘ಆದರೆ’ಯಲ್ಲೇ ಇದೆ.

ಮೊದಲು ವಸ್ತುವಿನ ಬಗ್ಗೆ. ಹಸು ಗಬ್ಬವಾಗಿ ತಿಂಗಳು ತುಂಬುತ್ತಿದ್ದ ಹಾಗೆ ಕೆಚ್ಚಲು ತುಂಬಿಕೊಳ್ಳುವುದನ್ನು ನೋಡಿದ್ದೀರಿ. ಆಗ ಒಳಗೆ ನಾಳಗಳು ಕವಲೊಡೆದು, ತುದಿಗಳಲ್ಲಿ ಹಾಲು ಮಾಡುವ ಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಮರಿ ಹಾಲು ಬಿಟ್ಟ ಮೇಲೆ ಈ ಗೊಂಚಲುಗಳ ಕೋಶಗಳು ಸಾಯುತ್ತವೆ. ಹಾಲು ನಿಂತು ಒಣಗುವುದಷ್ಟೇ ಅಲ್ಲ. ಹಾಲು ಮಾಡುತ್ತಿದ್ದ ಕೋಶಗಳೇ ಬಹುಪಾಲು ಹೋಗುತ್ತವೆ, ನಾಳಗಳು ಉಳಿಯುತ್ತವೆ. ಇಲಿಯಲ್ಲಿ ಇದು ಎಷ್ಟು ಚುರುಕಾಗಿ ನಡೆಯುತ್ತದೆ ಅಂದರೆ, ಮರಿಗಳನ್ನು ಬೇರೆ ಮಾಡಿ ಎರಡು ದಿನದೊಳಗೆ ವಾಪಸ್ ಬಿಟ್ಟರೆ ಹಾಲು ಮತ್ತೆ ಬರುತ್ತದೆ. ಆ ಗಡುವು ದಾಟಿದರೆ ಕೆಡವುವ ಕೆಲಸ ನಿಲ್ಲುವುದಿಲ್ಲ. ಒಂದೆರಡು ವಾರದಲ್ಲಿ ಗ್ರಂಥಿ ನೋಡಲು ಹೆಚ್ಚುಕಡಿಮೆ ಬಸಿರಿಗೆ ಮುಂಚಿನ ಹಾಗೇ ಆಗಿಬಿಡುತ್ತದೆ. ಮುಂದಿನ ಬಸಿರಿನಲ್ಲಿ ಮತ್ತೆ ಎಲ್ಲ ಹೊಸದಾಗಿ ಏಳುತ್ತದೆ.

ಹಸುವಿನ ಲೆಕ್ಕ ಸ್ವಲ್ಪ ಬೇರೆ. ಹಾಲು ಕೊಡುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಿರುತ್ತದೆ. ಹಾಗಾಗಿ ಇಲಿಯಲ್ಲಿ ಆದಂತೆ ಪೂರ್ತಿ ಕುಸಿತ ಇರುವುದಿಲ್ಲ. ಆದರೂ ಕರು ಹಾಕುವ ಸುಮಾರು ಎರಡು ತಿಂಗಳು ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ ಬತ್ತಿಸುತ್ತಾರೆ. ಆಸೆಗೆ ಬಿದ್ದು ಕೊನೆವರೆಗೂ ಕರೆದರೆ ಮುಂದಿನ ಸೂಲಿನಲ್ಲಿ ಹಾಲು ಕಮ್ಮಿ ಅಂತ ನಮ್ಮಪ್ಪ ಹೇಳುತ್ತಿದ್ದರು. ಅದು ನಿಜ. ಆ ಬಿಡುವಿನಲ್ಲೇ ಹಳೆ ಕೋಶಗಳ ಜಾಗಕ್ಕೆ ಹೊಸವು ಬರುವುದು. ‘ಬತ್ತು’, ‘ಬತ್ತಿಸು’, ‘ಸೂಲು’ ಇವೆಲ್ಲ ನನಗೆ ಪುಕ್ಕಟೆ ಸಿಕ್ಕ ಪದಗಳು. ಇಂಗ್ಲಿಷಿನಲ್ಲಿ ಇನ್‌ವಲ್ಯೂಶನ್ ಅನ್ನುವುದಕ್ಕೆ ನಾನು ‘ಬತ್ತುವಿಕೆ’ ಅಂತ ಹಾಕಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಚರ್ಚೆಯೂ ಬೇಡ.

‘ಮೊಲೆ’ ಪದದ ಬಗ್ಗೆ ಒಂದೆರಡು ಮಾತು. ಕರಡು ಓದಿದ ಒಬ್ಬರು ಎಲ್ಲ ಕಡೆ ಅದನ್ನು ‘ಸ್ತನ’ ಮಾಡಿ ಕಳಿಸಿದರು. ಮಕ್ಕಳ ಪುಸ್ತಕ ಅಲ್ವಾ ಅಂದರು. ಮೊಲೆಹಾಲು, ಮೊಲೆಗೂಸು, ಮೊಲೆಯೂಡು ಅಂತ ಅಜ್ಜಿಯರ ಬಾಯಲ್ಲಿ ಸಹಜವಾಗಿ ಬರುವ ಮಾತು ಪುಸ್ತಕಕ್ಕೆ ಬಂದ ಕೂಡಲೇ ಅಸಭ್ಯ ಆಗುವುದು ನನಗೆ ಅರ್ಥವಾಗಿಲ್ಲ. ‘ಎದೆ’ ಅಂದರೆ ಎದೆನೋವಿನ ಎದೆಯೂ ಬರುತ್ತದೆ. ‘ಕೆಚ್ಚಲು’ ಹಸು, ಎಮ್ಮೆ, ಮೇಕೆಗೆ ಸರಿ, ಇಲಿಗೆ ಹೇಳಿದರೆ ನಗು ಬರುತ್ತದೆ. ಇಲಿಗೆ ಐದು ಜೊತೆ ಮೊಲೆ, ಕೆಚ್ಚಲಿಲ್ಲ. ಹೆಂಗಸರ ಕಾಯಿಲೆ, ಪರೀಕ್ಷೆ ಬಗ್ಗೆ ಬರೆದ ಕಡೆ ‘ಸ್ತನ’ ಉಳಿಸಿದ್ದೇನೆ, ಆಸ್ಪತ್ರೆಯಲ್ಲಿ ಅದೇ ಬಳಕೆ. ಮಿಕ್ಕ ಕಡೆ ಮೊಲೆ. ಇದೂ ನನ್ನ ಮಟ್ಟಿಗೆ ತೀರ್ಮಾನವಾಗಿದೆ.

ಎಪಿಥೀಲಿಯಂ ತೀರ್ಮಾನವಾಗಿಲ್ಲ. ಶಾಲೆಯ ಪುಸ್ತಕದಲ್ಲಿ ‘ಅನುಲೇಪಕ ಅಂಗಾಂಶ’ ಇದೆ. ಲೇಪ ಅಂದರೆ ಬಳಿದದ್ದು. ಗೋಡೆಗೆ ಸುಣ್ಣ ಬಳಿದ ಹಾಗೆ ಮೈಯ ಮೇಲೂ ನಾಳದ ಒಳಗೂ ಕೋಶಗಳ ಒಂದು ಹೊದಿಕೆ. ಕಲ್ಪನೆ ಚೆನ್ನಾಗಿದೆ. ಆದರೆ ಲೇಪ ತಾನಾಗಿ ಏನೂ ಮಾಡುವುದಿಲ್ಲ, ಸುಮ್ನೆ ಅಂಟಿಕೊಂಡಿರುತ್ತದೆ. ಇಲ್ಲಿ ಹಾಲು ಮಾಡುವುದೇ ಈ ಹೊದಿಕೆ! ‘ಪೊರೆ’ ಅನ್ನೋಣ ಅಂದರೆ ಅದು ಕೋಶಪೊರೆಗೆ, ಕಣ್ಣಿನ ಪೊರೆಗೆ, ಹಾವಿನ ಪೊರೆಗೆ ಆಗಲೇ ಹಂಚಿಹೋಗಿದೆ.

ಇಂಗ್ಲಿಷ್ ಪದದ ಹುಟ್ಟು ನೋಡಿದರೆ ಇನ್ನೂ ತಮಾಷೆ. 18ನೇ ಶತಮಾನದ ಆರಂಭದಲ್ಲಿ ಫ್ರೆಡರಿಕ್ ರೂಯ್ಶ್ ಎಂಬ ಡಚ್ ಅಂಗರಚನಾ ತಜ್ಞ ತುಟಿಯ ಮೇಲಿನ ತೆಳು ಚರ್ಮವನ್ನು ನೋಡುತ್ತಿದ್ದ. ಅದರ ಕೆಳಗೆ ಮೊಲೆತೊಟ್ಟಿನಂಥ ಸಣ್ಣ ಸಣ್ಣ ಉಬ್ಬುಗಳಿದ್ದವು. ಗ್ರೀಕಿನಲ್ಲಿ ‘ಎಪಿ’ ಅಂದರೆ ಮೇಲೆ, ‘ಥೀಲೆ’ ಅಂದರೆ ಮೊಲೆತೊಟ್ಟು. ಎರಡನ್ನೂ ಸೇರಿಸಿ ಹೆಸರಿಟ್ಟ. ಅಂದರೆ ಪದದೊಳಗೇ ಮೊಲೆ ಕೂತಿದೆ. ಆಮೇಲೆ ಮೊಲೆತೊಟ್ಟಿಗೆ ಸಂಬಂಧವೇ ಇಲ್ಲದ ಕರುಳಿಗೂ ಶ್ವಾಸನಾಳಕ್ಕೂ ಅದೇ ಹೆಸರು ಹೋಯಿತು. ರಕ್ತನಾಳದ ಒಳಹೊದಿಕೆಗೆ ಎಂಡೋಥೀಲಿಯಂ ಅಂದಾಗಲಂತೂ ‘ಮೊಲೆತೊಟ್ಟಿನ ಒಳಗೆ’ ಅಂತ ಅರ್ಥವಿಲ್ಲದ ಅರ್ಥ ಬಂತು. ಯಾರಿಗೂ ತೊಂದರೆ ಆಗಲಿಲ್ಲ. ಪದಗಳು ಹುಟ್ಟಿನ ಅರ್ಥಕ್ಕೆ ನಿಷ್ಠರಾಗಿರಬೇಕು ಅಂತ ವಾದ ಮಾಡುವ ನಮ್ಮ ಕೆಲವು ಗೆಳೆಯರಿಗೆ ಇದನ್ನು ತೋರಿಸಬೇಕು ಅನ್ನಿಸಿತು, ನನ್ನನ್ನೂ ಸೇರಿಸಿಕೊಂಡು.

ನಾನು ಸದ್ಯಕ್ಕೆ ಮೊದಲ ಸಲ ‘ಅನುಲೇಪಕ ಅಂಗಾಂಶ’ ಅಂತ ಬರೆದು, ಆಮೇಲೆಲ್ಲ ಬರೀ ‘ಹೊದಿಕೆ’ ಅಂದಿದ್ದೇನೆ. ಮೊಲೆಯ ನಾಳದಲ್ಲಿ ಈ ಹೊದಿಕೆ ಎರಡು ಸಾಲು. ಒಳಸಾಲಿನದು ಹಾಲು ಮಾಡುವ ಕೆಲಸ. ಹೊರಸಾಲಿನ ಕೋಶಗಳು ಸ್ನಾಯುವಿನ ಹಾಗೆ ಹಿಂಡುತ್ತವೆ. ಕರು ಬಾಯಿಟ್ಟಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹೊರಸಾಲು ಹಿಂಡಿ ಹಾಲು ಇಳಿಯುತ್ತದಲ್ಲ, ನಮ್ಮ ಕಡೆ ಅದಕ್ಕೇ ಹಸು ‘ಸೊರ ಬಿಟ್ಟಿತು’ ಅನ್ನುವುದು. ಒಳಸಾಲು, ಹೊರಸಾಲು ಎಂಬ ಮಾತು ನನಗೆ ಒಪ್ಪಿಗೆಯಾಗಿದೆ. ನಿಮಗೆ ಇನ್ನೂ ಒಳ್ಳೆಯದು ಹೊಳೆದರೆ ಹೇಳಿ.

ಈಗ ಸ್ಟೆಮ್ ಸೆಲ್. ಬಳಕೆಯಲ್ಲಿ ಮೂರು ಪದ ಕಂಡಿದ್ದೇನೆ: ಕಾಂಡಕೋಶ, ಆಕರಕೋಶ, ಮೂಲಕೋಶ.

ಕಾಂಡಕೋಶ ಪದದಿಂದ ಪದಕ್ಕೆ ಇಳಿಸಿದ್ದು. ಮಗು ಮೊದಲು ಕೇಳುವುದೇ ‘ಗಿಡದ ಕಾಂಡದಲ್ಲಿರುವ ಕೋಶವಾ ಸಾರ್?’ ಅಂತ. ತಪ್ಪಿಲ್ಲ, ಪದ ಹಾಗೇ ಹೇಳುತ್ತದೆ. ಅಲ್ಲದೆ ಕಾಂಡ ಅಂದರೆ ರಾಮಾಯಣದ ಕಾಂಡವೂ ಉಂಟು, ಹತ್ಯಾಕಾಂಡವೂ ಉಂಟು. ಆಕರಕೋಶ ನನಗೆ ಕೇಳಲು ಇಷ್ಟ. ಆಕರ ಅಂದರೆ ಗಣಿ, ಸಿಗುವ ಜಾಗ. ಆದರೆ ನಮ್ಮಂಥ ನಿಘಂಟು ಹುಚ್ಚರಿಗೆ ಆಕರಗ್ರಂಥ, ಪದಕೋಶ ಎರಡೂ ಒಟ್ಟಿಗೆ ನೆನಪಾಗಿ, ಆಕರಕೋಶ ಎಂದರೆ ಗ್ರಂಥಾಲಯದಲ್ಲಿ ಮನೆಗೆ ಕೊಡದ ದಪ್ಪ ಪುಸ್ತಕ ಅನ್ನಿಸುತ್ತದೆ. ಮೂಲಕೋಶ ತೆಲುಗಿನ ಮೂಲಕಣಕ್ಕೆ ಹತ್ತಿರ. ಅರ್ಥ ಸಾಫ್ ಇದೆ, ಆದರೆ ‘ಮೊದಲಿಗೆ ಇದ್ದದ್ದು’ ಅಂತ ಮಾತ್ರ ಹೇಳುತ್ತದೆ. ಇವತ್ತೂ ಇದೆ, ನಾಳೆಯೂ ಮೊಳೆಯಬಲ್ಲದು ಅನ್ನುವುದು ಅದರಲ್ಲಿ ಬರುವುದಿಲ್ಲ.

ಪದದ ಬೇರು ಹುಡುಕಿದರೆ ಜರ್ಮನಿಗೆ ಹೋಗಬೇಕು. ಎರ್ನ್ಸ್ಟ್ ಹೆಕೆಲ್ ಎಂಬ ಜೀವವಿಜ್ಞಾನಿ 1868ರಲ್ಲಿ ‘ಷ್ಟಾಮ್‌ತ್ಸೆಲ್ಲೆ’ ಎಂಬ ಪದ ಬಳಸಿದ. ಅವನ ತಲೆಯಲ್ಲಿ ಇದ್ದದ್ದು ಗಿಡದ ಕಾಂಡವಲ್ಲ, ವಂಶವೃಕ್ಷ. ಎಲ್ಲ ಜೀವಿಗಳಿಗೂ ಹಿರಿಯಜ್ಜನಾದ ಒಂದೇ ಕೋಶದ ಜೀವಿಯನ್ನು ಅವನು ಹಾಗೆ ಕರೆದ. 1877ರ ಹೊತ್ತಿಗೆ ಫಲಿತ ಮೊಟ್ಟೆಯನ್ನೂ ಅದೇ ಹೆಸರಿನಿಂದ ಕರೆದ. 1892ರಲ್ಲಿ ತಿಯೊಡೋರ್ ಬೊವೆರಿ ಮತ್ತು ವ್ಯಾಲೆಂಟಿನ್ ಹೆಕರ್ ಅದನ್ನು ಭ್ರೂಣದೊಳಗಿನ ಕೋಶಗಳಿಗೆ ತಂದರು. ಜರ್ಮನ್ನಿನ ‘ಷ್ಟಾಮ್’ ಅಂದರೆ ಮರದ ಬುಡವೂ ಹೌದು, ಕುಲವೂ ಹೌದು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ‘ಬುಡಕಟ್ಟು’ ನೋಡಿ! ಬುಡ ಅಂದರೆ ಮರದ ಬುಡ, ಬುಡಕಟ್ಟು ಅಂದರೆ ಕುಲ. ಜರ್ಮನ್ ಪದದ ಎರಡು ಅರ್ಥವೂ ಕನ್ನಡದಲ್ಲಿ ಒಂದೇ ಬೇರಿನಲ್ಲಿ ಇದೆ. ಇಂಗ್ಲಿಷಿನ ಸ್ಟೆಮ್ ಮೂಲಕ ಬಂದು ನಾವು ಕಾಂಡ ಹಿಡಿದೆವು. ನೇರ ಜರ್ಮನ್ನಿನಿಂದ ಬಂದಿದ್ದರೆ ‘ಬುಡಕೋಶ’ ಅನ್ನುತ್ತಿದ್ದೆವೇನೋ.

ಪಕ್ಕದ ಮನೆಗಳಲ್ಲಿ ಇಣುಕಿದರೆ, ತಮಿಳಿನಲ್ಲಿ ‘ಕುರುತ್ತಣು’ ಇದೆ. ಕುರುತ್ತು ಅಂದರೆ ತಾಳೆ, ತೆಂಗಿನ ನಡುವಿನ ಎಳೆಗರಿ, ನಾವು ‘ಸುಳಿ’ ಅನ್ನುವುದು. ಮಲಯಾಳದಲ್ಲಿ ‘ವಿತ್ತುಕೋಶಂ’, ಬಿತ್ತದ ಕೋಶ. ಫ್ರೆಂಚರು ‘ಸೆಲ್ಯೂಲ್ ಸುಶ್’ ಅನ್ನುತ್ತಾರೆ, ಸುಶ್ ಅಂದರೆ ಮರ ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೋಟು. ತಮಿಳಿನ ಪದ ಚೆಂದ, ಆದರೆ ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕೊಳೆತರೆ ಮರ ಮುಗಿಯಿತು, ಬೇರೆ ಕಡೆಯಿಂದ ಚಿಗುರುವುದಿಲ್ಲ. ಮೊಲೆ ಹಾಗಲ್ಲ. ಅದು ಫ್ರೆಂಚರ ಮೋಟಿನ ಥರ. ಕಡಿದರೂ ಮತ್ತೆ ಬರುತ್ತದೆ. ಮೋಟು ಅನ್ನುವ ಪದ ಮನಸ್ಸಿಗೆ ಬಂದ ಕೂಡಲೇ ನನಗೆ ನೆನಪಾದದ್ದು ನಮ್ಮ ಗದ್ದೆಯ ಕೂಳೆ.

ನಮ್ಮದು ಮಂಡ್ಯ ಸೀಮೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೋಟುಗಳಿಗೆ ಕೂಳೆ ಅನ್ನುತ್ತೇವೆ. ಹೊಸದಾಗಿ ನಾಟಿ ಮಾಡದೆ ಅದರಿಂದಲೇ ಬರುವ ಬೆಳೆ ಕೂಳೆ ಬೆಳೆ. ಮೋಟನ್ನು ನೆಲಮಟ್ಟಕ್ಕೆ ಸವರಿ ನೀರು ಕೊಟ್ಟರೆ ಮಣ್ಣಿನೊಳಗಿನ ಗಿಣ್ಣುಗಳ ಕಣ್ಣು ಒಡೆದು ಮೊಳಕೆ ಬರುತ್ತದೆ. ಮೊದಲ ಕೂಳೆ ಚೆನ್ನಾಗಿ ಬರುತ್ತದೆ. ಕೂಳೆಯ ಮೇಲೆ ಕೂಳೆ ಬಿಟ್ಟ ಹಾಗೆ ಇಳುವರಿ ಇಳಿಯುತ್ತದೆ. ಕೊನೆಗೆ ಕಿತ್ತು ಹೊಸದಾಗಿ ನೆಡಲೇಬೇಕು. (ಗಿಣ್ಣು ಅಂದರೆ ಕಬ್ಬಿನ ಗಂಟೂ ಹೌದು, ಕರು ಹಾಕಿದ ಹೊಸದರ ಹಾಲೂ ಹೌದು. ಈ ಪುಸ್ತಕ ಬರೆಯುವಾಗ ಎರಡೂ ಒಂದೇ ಪುಟದಲ್ಲಿ ಬಂದು ನನ್ನನ್ನು ಕಾಡಿದ್ದಾವೆ.)

ಇದನ್ನು ಇಟ್ಟುಕೊಂಡು ಇಲಿಯ ಪ್ರಯೋಗಗಳನ್ನು ನೋಡಿ. 1959ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಡಿಓಮ್ ಎಂಬವರ ತಂಡ ಒಂದು ಉಪಾಯ ಪ್ರಕಟಿಸಿತು. ಮೂರು ವಾರದ ಹೆಣ್ಣಿಲಿಯಲ್ಲಿ ಮೊಲೆಯ ನಾಳಗಳು ಇನ್ನೂ ತೊಟ್ಟಿನ ಹತ್ತಿರವೇ ಇರುತ್ತವೆ, ಹಿಂದಿನ ಕೊಬ್ಬಿನ ದಿಂಬಿಗೆ ಹರಡಿರುವುದಿಲ್ಲ. ತೊಟ್ಟಿನ ಕಡೆಯ ಆ ಚೂರನ್ನು ಕತ್ತರಿಸಿ ತೆಗೆದರೆ ಕೊಬ್ಬಿನ ದಿಂಬು ಖಾಲಿ ಹೊಲದ ಹಾಗೆ ಉಳಿಯುತ್ತದೆ. ಅಲ್ಲಿಗೆ ಬೇರೆ ಇಲಿಯ ಮೊಲೆಯ ಒಂದು ಚೂರು ನೆಟ್ಟರೆ ಕೆಲವೇ ವಾರಗಳಲ್ಲಿ ನಾಳಗಳ ಮರ ದಿಂಬನ್ನೆಲ್ಲ ತುಂಬುತ್ತದೆ. ಆ ಇಲಿ ಬಸಿರಾದರೆ ನೆಟ್ಟ ಮರದಲ್ಲೂ ಹಾಲು ಬರುತ್ತದೆ. ತೊಟ್ಟಿಗೆ ದಾರಿ ಇಲ್ಲದ್ದರಿಂದ ಹೊರಗೆ ಮಾತ್ರ ಬರುವುದಿಲ್ಲ. ನನಗೆ ಇದು ಶುದ್ಧ ನಾಟಿ ಕೆಲಸದ ಹಾಗೆ ಕಂಡಿತು. ಆಮೇಲೆ ಚಾರ್ಲ್ಸ್ ಡೇನಿಯಲ್ 1960ರ ದಶಕದಲ್ಲಿ ಬೆಳೆದ ಮರದಿಂದ ಚೂರು ತೆಗೆದು ಹೊಸ ಎಳೆ ಇಲಿಗೆ, ಅದರಿಂದ ಮತ್ತೊಂದಕ್ಕೆ ಅಂತ ಸುತ್ತು ಸುತ್ತು ನೆಡುತ್ತಾ ಹೋದ. ಪ್ರತಿ ಸಲವೂ ಹೊಲ ಹೊಸದು, ಎಳೆಯದು. ಆದರೂ ಸುತ್ತು ಹೆಚ್ಚಿದ ಹಾಗೆ ಬೆಳೆ ಸೊರಗಿತು, ಕೊನೆಗೆ ನಿಂತೇಹೋಯಿತು. ಕೂಳೆ ಬಿಟ್ಟು ಬಿಟ್ಟು ಇಳುವರಿ ಇಳಿದದ್ದು ಕಣ್ಣಿಗೆ ಕಟ್ಟಲಿಲ್ಲವೇ? ಗದ್ದೆಯಲ್ಲಿ ಕೂಳೆ ಇಳಿಯಲು ರೋಗ, ಮಣ್ಣು ಅಂತ ಬೇರೆ ಕಾರಣಗಳೂ ಇವೆ, ಒಪ್ಪುತ್ತೇನೆ. ಹೋಲಿಕೆಯನ್ನು ಅಲ್ಲಿಗೆ ಬಿಡುತ್ತೇನೆ.

2006ರಲ್ಲಿ ದೊಡ್ಡ ಸುದ್ದಿ ಬಂತು. ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಜೇನ್ ವಿಸ್ವೇಡರ್, ಜೆಫ್ ಲಿಂಡೆಮನ್ ಅವರ ತಂಡ ಒಂದೇ ಒಂದು ಕೋಶ ನೆಟ್ಟು ಇಡೀ ಗ್ರಂಥಿ ಬೆಳೆಸಿ ತೋರಿಸಿತು. ಎರಡೂ ಸಾಲು ಇದ್ದವು, ಬಸಿರಿನಲ್ಲಿ ಹಾಲೂ ಬಂತು. ಕೊಟ್ಟ ಇಲಿಯ ಕೋಶಗಳು ನೀಲಿ ಬಣ್ಣಕ್ಕೆ ತಿರುಗುವ ಹಾಗೆ ಮೊದಲೇ ಗುರುತು ಮಾಡಿದ್ದರು, ಹಾಗಾಗಿ ಮರವೆಲ್ಲ ನೀಲಿ. ಅದೇ ವರ್ಷ ವ್ಯಾಂಕೂವರ್‌ನಲ್ಲಿ ಕಾನಿ ಈವ್ಸ್ ಅವರ ತಂಡವೂ ಇದನ್ನೇ ಕಂಡಿತು. ಕಬ್ಬು ಗೊತ್ತಿರುವ ಮಗುವಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಒಂಟಿ ಕಣ್ಣಿನ ತುಂಡು ನೆಟ್ಟು ಒಂದು ಇಡೀ ಬುಡ ಕಬ್ಬು ಎಬ್ಬಿಸಿದ ಹಾಗೆ.

ಇಲ್ಲಿ ಕೂಳೆಯ ಹೋಲಿಕೆ ಒಂದು ಹೆಜ್ಜೆ ತಪ್ಪಿತು ಅಂತ ನನಗೇ ಗೊತ್ತಾಯಿತು. ಕೂಳೆ ಅಂದರೆ ಇಡೀ ಮೋಟು. ಮೊಳೆಯುವುದು ಮೋಟಲ್ಲ, ಅದರ ಕಣ್ಣು. ಹಾಗಾದರೆ ಸ್ಟೆಮ್ ಸೆಲ್ ಅಂದರೆ ‘ಕಣ್ಣುಕೋಶ’ ಆಗಬೇಕು. ಅದನ್ನು ಕೇಳಿದವರು ನೇರ ಕಣ್ಣಾಸ್ಪತ್ರೆಗೆ ಹೋಗುತ್ತಾರೆ. ‘ಕೂಳೆಕೋಶ’ ಅಂದರೆ ಅಚ್ಚಿನಲ್ಲಿ ಒಂದು ದೀರ್ಘ ಜಾರಿ ‘ಕೊಳೆಕೋಶ’ ಆಗುವುದು ಖಂಡಿತ. ‘ಬುಡಕೋಶ’ಕ್ಕೆ ತರಗತಿಯ ಹಿಂದಿನ ಬೆಂಚಿನವರು ನಗುತ್ತಾರೆ. ಆದರೂ ಮೂರರಲ್ಲಿ ನನಗೆ ಹೆಚ್ಚು ಬಾಳಿಕೆ ಬರುತ್ತದೆ ಅನ್ನಿಸುವುದು ಬುಡಕೋಶವೇ. ನಗು ಎರಡು ದಿನದಲ್ಲಿ ಮುಗಿಯುತ್ತದೆ. ಕೂಳೆಯನ್ನು ಕೋಶದ ಹೆಸರಾಗಿ ಅಲ್ಲ, ಆಗುವ ಕ್ರಿಯೆಯ ಹೆಸರಾಗಿ ಇಟ್ಟುಕೊಳ್ಳುವ ಆಸೆ. ರೀಜನರೇಶನ್ನಿಗೆ ಶಾಲೆಯ ಪುಸ್ತಕದ ಪದ ಪುನರುತ್ಪಾದನೆ. ಕಾರ್ಖಾನೆಯಲ್ಲಿ ಎರಡನೇ ಪಾಳಿ ಶುರುವಾದ ಹಾಗಿದೆ ಅದು. ‘ಹಲ್ಲಿಯ ಬಾಲ ಕೂಳೆಯೊಡೆಯಿತು’ ಅಂದರೆ ಅತಿಯಾಯಿತು, ಒಪ್ಪುತ್ತೇನೆ. ಆದರೆ ‘ಪ್ರತಿ ಬಸಿರಿನಲ್ಲೂ ಮೊಲೆ ಕೂಳೆಯ ಹಾಗೆ ಮತ್ತೆ ಒಡೆಯುತ್ತದೆ’ ಅಂದರೆ ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಜವಾದ ಗಂಟು, ಪೊಟೆನ್ಷಿಯಲ್. ಮೇಲೆ ಹೇಳಿದ ಒಂಟಿ ಕೋಶ ಹೊರಸಾಲಿನ ಗುಂಪಿನಿಂದ ಬಂದದ್ದು. ಅದು ಎರಡೂ ಸಾಲು ಕಟ್ಟಿತು. ಆದ್ದರಿಂದ ಬೆಳೆದ ಇಲಿಯ ಮೈಯಲ್ಲೂ ಅದು ಎರಡೂ ಸಾಲು ಕಟ್ಟುತ್ತಿರಬೇಕು ಅಂತ ಕೆಲವು ವರ್ಷ ಹಲವರು ನಂಬಿದ್ದರು. 2011ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾಂಪೆನ್ ಅವರ ತಂಡ ಕೋಶವನ್ನು ಕೀಳದೆ, ಇದ್ದ ಜಾಗದಲ್ಲೇ ಬಣ್ಣದ ಗುರುತು ಹಾಕಿ, ಅದರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಸೇರುತ್ತಾರೆ ಅಂತ ಕಾದು ನೋಡಿತು. ಹುಟ್ಟಿದ ಮೇಲೆ ಗುರುತು ಹಾಕಿದ ಹೊರಸಾಲಿನ ಕೋಶದ ಸಂತಾನವೆಲ್ಲ ಹೊರಸಾಲೇ. ಒಳಸಾಲಿನದೆಲ್ಲ ಒಳಸಾಲೇ. ಭ್ರೂಣದಲ್ಲಿ ಗುರುತು ಹಾಕಿದರೆ ಮಾತ್ರ ಎರಡೂ ಕಡೆ ಬಣ್ಣ. ಆದರೆ ಅದೇ ಬೆಳೆದ ಹೊರಸಾಲಿನ ಕೋಶವನ್ನು ಕಿತ್ತು ಖಾಲಿ ದಿಂಬಿನಲ್ಲಿ ನೆಟ್ಟರೆ ಮತ್ತೆ ಎರಡೂ ಸಾಲು ಕಟ್ಟುತ್ತದೆ!

ಜಗಳ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಮೆಲ್ಬರ್ನ್ ತಂಡ ಬೇರೆ ಬಗೆಯಲ್ಲಿ ಗುರುತು ಹಾಕಿ, ಬೆಳೆದ ಇಲಿಯಲ್ಲೂ ಎರಡೂ ಸಾಲು ಕಟ್ಟುವ ಕೋಶಗಳಿವೆ ಅಂದಿತು. ಮುಂದಿನ ವರ್ಷಗಳಲ್ಲಿ ಒಂದೊಂದೇ ಕೋಶದ ಸಂತಾನವನ್ನು ಲೆಕ್ಕ ಹಾಕಿದ ಕೆಲಸಗಳು ಬ್ರಸೆಲ್ಸ್ ಕಡೆಗೆ ವಾಲಿದವು. 2018ರಲ್ಲಿ ಪ್ಯಾರಿಸ್ ಮತ್ತು ಬ್ರಸೆಲ್ಸ್‌ನ ಎರಡು ತಂಡಗಳು ಹುಟ್ಟುವ ಮೊದಲೇ ಕೋಶಗಳು ದಾರಿ ಆರಿಸಿಕೊಂಡಿರುತ್ತವೆ ಅಂತ ತೋರಿಸಿದವು. ಜಗಳದಲ್ಲಿ ಯಾರು ಸರಿ ಅನ್ನುವುದಕ್ಕಿಂತ ನನಗೆ ಬೇಕಾದದ್ದು ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ. ಕೋಶ ತನ್ನ ಮನೆಯಲ್ಲಿ ಏನಾಗುತ್ತದೆ? ಬೇರೆ ಕಡೆ ಇಟ್ಟರೆ ಏನಾಗಬಲ್ಲದು? ಕಬ್ಬಿನ ಬುಡದ ಕಣ್ಣು ಮೇಲೆ ಸುಳಿ ಬೆಳೆಯುತ್ತಿರುವಾಗ ಮಲಗಿರುತ್ತದೆ. ಕಡಿದಾಗ ಏಳುತ್ತದೆ. ಮಲಗಿರುವ ಕಣ್ಣನ್ನು ನೋಡಿ ‘ಇದು ಮೊಳೆಯುವುದಿಲ್ಲ’ ಅಂದರೂ ತಪ್ಪು, ನೆಟ್ಟಾಗ ಮೊಳೆತದ್ದು ನೋಡಿ ‘ಗದ್ದೆಯಲ್ಲಿ ನಿಂತ ಕಬ್ಬಿನಲ್ಲೂ ಹೀಗೇ ಮೊಳೆಯುತ್ತಿರುತ್ತದೆ’ ಅಂದರೂ ತಪ್ಪು.

ಇದರ ಇನ್ನೊಂದು ತುದಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮಕ್ಕಳಿಗೆ ಇದೇ ಜಾಸ್ತಿ ಇಷ್ಟವಾಗುತ್ತದೆ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಗಿಲ್ಬರ್ಟ್ ಸ್ಮಿತ್ ಅವರ ತಂಡ ಗಂಡಿಲಿಯ ವೃಷಣದ ಕೋಶಗಳನ್ನು ಮೊಲೆಯ ಕೋಶಗಳ ಜೊತೆ ಬೆರೆಸಿ ಖಾಲಿ ದಿಂಬಿಗೆ ಹಾಕಿತು. ವೃಷಣದಿಂದ ಬಂದ ಕೋಶಗಳ ಸಂತಾನವೂ ಮೊಲೆಯ ಹೊದಿಕೆಯಲ್ಲಿ ಸೇರಿಕೊಂಡು ಬೆಳೆಯಿತು. ಅಂದರೆ ಈ ಪೊಟೆನ್ಷಿಯಲ್ ಕೋಶದೊಳಗೆ ಮಾತ್ರ ಇಲ್ಲ. ಹೊಲದಲ್ಲೂ ಅಕ್ಕಪಕ್ಕದವರಲ್ಲೂ ಇದೆ. ‘ಕೋಶದ ಸಾಮರ್ಥ್ಯ’ ಅಂದುಬಿಟ್ಟರೆ ಎಲ್ಲವನ್ನೂ ಕೋಶದ ಜೇಬಿಗೆ ಹಾಕಿದ ಹಾಗಾಗುತ್ತದೆ. ಆ ಪದ ಬೇಡ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ. ಭೌತಶಾಸ್ತ್ರದವರ ‘ಪ್ರಚ್ಛನ್ನ’ ಅರ್ಥಕ್ಕೆ ಹತ್ತಿರ, ಬಾಯಿಗೆ ದೂರ. ‘ವಿಭವ’ ವಿದ್ಯುತ್ತಿನವರ ಆಸ್ತಿ. ‘ಕಸುವು’ ಅಂದರೆ ಪೈಲ್ವಾನನ ಕಸುವು.

ನನಗೆ ಅನ್ನಿಸುವುದು, ಇದಕ್ಕೆ ನಾಮಪದ ಹುಡುಕುವುದೇ ತಪ್ಪು ಅಂತ. ಕನ್ನಡದಲ್ಲಿ ಈ ಕೆಲಸ ಮಾಡುವುದು ಕ್ರಿಯಾಪದದ ಬಾಲ. ‘ಆಗುತ್ತದೆ’ ಅಂದರೆ ನಡೆಯುವುದು. ‘ಆಗಬಹುದು’ ಅಂದರೆ ನಡೆದರೂ ನಡೆಯಿತು, ಮಳೆ ಬರಬಹುದು ಅನ್ನುವ ಹಾಗೆ. ‘ಆಗಬಲ್ಲದು’ ಅಂದರೆ ಅವಕಾಶ ಸಿಕ್ಕರೆ ಮಾಡುವ ಅರಿವು ಅದಕ್ಕಿದೆ. ಬಲ್ಲ ಅಂದರೆ ತಿಳಿದಿರುವುದೂ ಹೌದು, ಮಾಡಲಾಗುವುದೂ ಹೌದು. ಈಜು ಬಲ್ಲವನು ದಡದಲ್ಲಿ ಕೂತಿದ್ದರೂ ಈಜಬಲ್ಲ. ನೀರು ಬೇಕು ಅಷ್ಟೇ. ಆ ‘ನೀರು ಬೇಕು’ ಅನ್ನುವುದು ಬಲ್ಲ ಪದದ ಬೆನ್ನಿಗೇ ಬರುತ್ತದೆ, ಸಾಮರ್ಥ್ಯದಲ್ಲಿ ಬರುವುದಿಲ್ಲ. ಹಾಗಾಗಿ ನನ್ನ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಹೊರಸಾಲಿನ ಕೋಶ ಎರಡೂ ಸಾಲನ್ನು ಕಟ್ಟಬಲ್ಲದು, ಆದರೆ ಬೆಳೆದ ಇಲಿಯಲ್ಲಿ, ತಾನಿರುವ ಜಾಗದಲ್ಲಿ, ಹೊರಸಾಲನ್ನಷ್ಟೇ ಕಟ್ಟುತ್ತದೆ.’ ಪೊಟೆನ್ಷಿಯಲ್ ಮಾಯವಾಯಿತು, ‘ಆದರೆ’ಗೆ ಜೀವ ಬಂತು.

ಇಷ್ಟಕ್ಕೇ ಮುಗಿದಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ನಾಮಪದ ತಪ್ಪಿಸಲಾಗದ ಕಡೆಗಳಿವೆ. ತಲೆಬರಹದಲ್ಲಿ, ಚಿತ್ರದ ಕೆಳಗೆ, ಯೂನಿಪೊಟೆಂಟ್ (ಒಂದೇ ಬಗೆಯ ಕೋಶ ಆಗಬಲ್ಲದ್ದು), ಮಲ್ಟಿಪೊಟೆಂಟ್ (ಹಲವು ಬಗೆ ಆಗಬಲ್ಲದ್ದು) ಅಂತ ಪಟ್ಟಿ ಮಾಡುವಾಗ. ‘ಎರಡಾಗಬಲ್ಲ ಕೋಶ’ ಅಂತ ಬರೆದೆ. ಓದಿದ ನನ್ನ ಮಗಳು ‘ಎಲ್ಲ ಕೋಶವೂ ಎರಡಾಗುತ್ತಲ್ಲ ಅಪ್ಪ’ ಅಂದಳು. ಸರಿ ತಾನೇ, ಕೋಶ ಒಡೆದು ಎರಡಾಗುವುದೇ ಅದರ ಕೆಲಸ. ‘ಎರಡು ಬಗೆಯಾಗಬಲ್ಲ’ ಅಂದರೆ ಅರ್ಥ ಸರಿ, ಉದ್ದ ಜಾಸ್ತಿ. ‘ಇಬ್ಬಗೆ ಬಲ್ಲ’, ‘ಹಲಬಗೆ ಬಲ್ಲ’ ಅಂತ ಕತ್ತರಿಸಬಹುದೇ? ಹಳಗನ್ನಡದ ‘ಬಲ್ಮೆ’ಯನ್ನು ತಂದು ‘ಹಲಬಲ್ಮೆ’ ಅನ್ನಬಹುದೇ? ನನ್ನ ಕಿವಿಗೆ ಬಲ್ಮೆ ಇನ್ನೂ ಒಗ್ಗಿಲ್ಲ, ಬಳಸುವವರು ಹೇಳಬೇಕು. ಮಾತಿನಲ್ಲಂತೂ ನಾವು ‘ಆಗಬಲ್ಲದು’ ಅನ್ನುವುದೇ ಕಮ್ಮಿ. ‘ಆಗೋಕೆ ಆಗುತ್ತೆ’ ಅನ್ನುತ್ತೇವೆ. ಅದನ್ನು ಪುಸ್ತಕಕ್ಕೆ ಹಾಕಿದರೆ ಆಗು, ಆಗು ಅಂತ ತಡವರಿಸಿದ ಹಾಗಿರುತ್ತದೆ.

ನನ್ನ ಕೇಳಿಕೆಗಳು ಇವು. ಉತ್ತರ ಕರ್ನಾಟಕದ ಗೆಳೆಯರೇ, ನಿಮ್ಮಲ್ಲಿ ಕಬ್ಬಿಗೆ ಕೂಳೆ ಅನ್ನುತ್ತೀರಾ, ಅಥವಾ ಜೋಳ ಕೊಯ್ದ ಮೋಟಿಗೆ ಮಾತ್ರ ಕೂಳೆಯೇ? ಮತ್ತೆ ಚಿಗುರದ, ಉಳುಮೆಗೆ ಅಡ್ಡಿ ಮಾಡುವ ಮೋಟು ಅಂತಲೇ ಅರ್ಥವಾದರೆ ನನ್ನ ಹೋಲಿಕೆ ಅರ್ಧ ರಾಜ್ಯದಲ್ಲಿ ಉಲ್ಟಾ ಹೊಡೆಯುತ್ತದೆ. ಮಲೆನಾಡಿನವರು, ಕರಾವಳಿಯವರು ಬಾಳೆಯ ‘ಕಂದು’ ಬಗ್ಗೆ ಹೇಳಿ. ತಾಯಿ ಬಾಳೆ ಕಡಿದ ಮೇಲೆ ಗಡ್ಡೆಯಿಂದ ಏಳುವ ಮರಿಗೆ ಕಂದು ಅಂದರೆ, ಇನ್ನೂ ಏಳದೆ ಗಡ್ಡೆಯಲ್ಲೇ ಇರುವ ಮೊಳಕೆಗೆ ಬೇರೆ ಹೆಸರಿದೆಯೇ? ಇದ್ದರೆ ನನಗೆ ಬೇಕಾದ ಪದ ಅದೇ ಇರಬಹುದು. ಹಸು ಸಾಕುವವರು ಯಾರಾದರೂ ಇದ್ದರೆ, ಬತ್ತಿಸಿದ ಮೇಲೆ ಕರು ಹಾಕುವವರೆಗಿನ ಆ ಎರಡು ತಿಂಗಳಿಗೆ ನಿಮ್ಮ ಕಡೆ ಹೆಸರೇನಾದರೂ ಇದೆಯೇ? ನಮ್ಮ ಮನೆಯಲ್ಲಿ ‘ಬಿಟ್ಟಿದೀವಿ’ ಅಂತ ಮಾತ್ರ ಅನ್ನುತ್ತಿದ್ದರು.

ಮತ್ತು ‘ಬುಡಕೋಶ’ವನ್ನು ಮನೆಯಲ್ಲಿ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ, ಯಾರಾದರೂ ನಕ್ಕರೆ ಎಷ್ಟು ಹೊತ್ತು ನಕ್ಕರು ಅಂತ ಬರೆಯಿರಿ. ಕರಡು ತಿಂಗಳ ಕೊನೆಗೆ ಕೊಡಬೇಕು.